ಪದ ಬೇಕು: ಇನ್‌ಲೆಟ್, ಔಟ್‌ಲೆಟ್ (ನಾಳೆ ಬೆಳಗ್ಗೆಯೊಳಗೆ)

ಎಲ್ಲರಿಗೂ ನಮಸ್ಕಾರ.

ಡೀಸೆಲ್ ಎಂಜಿನ್ನಿನಿಂದ ಓಡುವ ಒಂದು ಸೆಂಟ್ರಿಫ್ಯೂಗಲ್ ಪಂಪಿನ ಕೈಪಿಡಿ ಅನುವಾದಿಸುತ್ತಿದ್ದೇನೆ. ಇನ್‌ಲೆಟ್, ಔಟ್‌ಲೆಟ್‌ಗೆ ‘ಒಳಹರಿವು’, ‘ಹೊರಹರಿವು’ ಎಂದು ಹಾಕಿದ್ದೆ. ಪರಿಶೀಲಿಸಿದವರು ಗೀಟು ಎಳೆದು ವಾಪಸು ಕಳಿಸಿದ್ದಾರೆ: ಅದು ಹರಿಯುವ ನೀರಿನ ಹೆಸರು, ತೂತಿನ ಹೆಸರಲ್ಲ. ಅವರು ಹೇಳಿದ್ದು ಸರಿಯೇ. ಅಣೆಕಟ್ಟಿಗೆ ಒಳಹರಿವು ಇಷ್ಟು ಕ್ಯುಸೆಕ್ ಅನ್ನಬಹುದು. ‘ಒಳಹರಿವಿಗೆ ನಾಲ್ಕು ಬೋಲ್ಟ್ ಬಿಗಿಯಿರಿ’ ಅಂದರೆ ಯಾರಾದರೂ ನಗುತ್ತಾರೆ. ನಾಳೆ ಅಚ್ಚಿಗೆ ಹೋಗಬೇಕು. ದಯವಿಟ್ಟು ಬೇಗ ತಿಳಿಸಿ.

---

ಒಳಗಿಂಡಿ, ಹೊರಗಿಂಡಿ. ಆದೇಶ ಸಂಧಿ. ಮುಗಿಯಿತು.

---

> ಮುಗಿಯಿತು.

ಮುಗಿದಿಲ್ಲ. ನಾಮಪದಕ್ಕೆ ಅಂಟಿದಾಗ ಒಳ, ಹೊರ ಎರಡೂ ಇರುವ ಜಾಗವನ್ನು ಹೇಳುತ್ತವೆ, ಹೋಗುವ ದಿಕ್ಕನ್ನಲ್ಲ. ಮನೆಯೊಳಕ್ಕೆ ಬರುವುದು ಹೊರಬಾಗಿಲಿನಿಂದಲೇ ಅಲ್ಲವೇ? ‘ಒಳಹರಿವು’ ಪದದಲ್ಲಿ ದಿಕ್ಕು ಸಿಕ್ಕಿದ್ದು ‘ಹರಿ’ ಎಂಬ ಧಾತುವಿನಿಂದ. ಧಾತು ಕಿತ್ತು ಕಿಂಡಿ ಕೂಡಿಸಿದರೆ ಬರೀ ಒಳಗಿರುವ ತೂತು, ಹೊರಗಿರುವ ತೂತು. ಪಂಪಿನಲ್ಲಿ ಎರಡೂ ಹೊರಮೈಯಲ್ಲೇ ಇವೆ, ಗಮನಿಸಿ. ಹೀರುಬಾಯಿ, ತಳ್ಳುಬಾಯಿ ಅನ್ನಿ. ಕ್ರಿಯೆ ಇದೆ, ದಿಕ್ಕೂ ಇದೆ.

---

ಪಂಪು ಹೀರುವುದಿಲ್ಲ ಸ್ವಾಮಿ. ಒಳಗಿನ ರೆಕ್ಕೆಚಕ್ರ, ಅಂದರೆ ಇಂಪೆಲ್ಲರ್, ತಿರುಗಿ ನೀರನ್ನು ಅಂಚಿಗೆ ಎಸೆದಾಗ ನಡುವೆ ಒತ್ತಡ ಇಳಿಯುತ್ತದೆ. ಬಾವಿಯ ನೀರಿನ ಮೇಲೆ ಕೂತ ವಾಯುಭಾರ ನೀರನ್ನು ಪೈಪಿನೊಳಕ್ಕೆ ನೂಕುತ್ತದೆ. ಅದಕ್ಕೇ ಸಮುದ್ರಮಟ್ಟದಲ್ಲೂ ಸುಮಾರು 10.3 ಮೀಟರಿಗಿಂತ ಕೆಳಗಿನ ನೀರನ್ನು ಮೇಲೆ ಕೂತ ಪಂಪು ಎತ್ತಲಾರದು, ಎಷ್ಟೇ ಹಾರ್ಸ್‌ಪವರ್ ಇರಲಿ. ಹೀರುವುದೇ ಆಗಿದ್ದರೆ ಈ ಮಿತಿ ಯಾಕೆ?

ಎಂಜಿನ್ನಿನಲ್ಲೂ ಹಾಗೆಯೇ. ಪಿಸ್ಟನ್ ಇಳಿದಾಗ ಗಾಳಿಯನ್ನು ಒಳಕ್ಕೆ ತಳ್ಳಲು ಹೊರಗಿರುವುದು ಒಂದೇ ಒಂದು ವಾಯುಭಾರ. ಸುಟ್ಟ ಹೊಗೆಯಾದರೋ ವಾಲ್ವ್ ಬಿಚ್ಚಿದ ಕೂಡಲೇ ತನ್ನ ಒತ್ತಡಕ್ಕೆ ತಾನೇ ನುಗ್ಗುತ್ತದೆ, ಉಳಿದದ್ದನ್ನು ಪಿಸ್ಟನ್ ಮೇಲೇರಿ ಹೊರದೂಡುತ್ತದೆ. ಸಿಲಿಂಡರ್ ಹೆಡ್ ಬಿಚ್ಚಿ ನೋಡಿ: ಸಾಮಾನ್ಯವಾಗಿ ಗಾಳಿ ಬರುವ ವಾಲ್ವಿನ ತಟ್ಟೆ ಅಗಲ, ಹೊಗೆಯದ್ದು ಕಿರಿದು. ಟರ್ಬೋ ಕೂರಿಸಿದ ಎಂಜಿನ್ನಿನಲ್ಲಿ ಗಾಳಿಯನ್ನು ಒತ್ತಿಯೇ ತುಂಬುತ್ತಾರೆ. ಅಲ್ಲಿ ‘ಹೀರುಬಾಯಿ’ ಬರೆದರೆ ಹಸಿ ಸುಳ್ಳು. ಕೆಲಸ ಮಾಡುವವರೆಲ್ಲ ಸಕ್ಷನ್, ಡೆಲಿವರಿ ಅನ್ನುತ್ತಾರೆ. ಹಾಗೇ ಬಿಡಿ.

---

ಸಕ್ಷನ್ ಅಂದರೂ ಹೀರುವುದೇ ತಾನೇ? ಇಂಗ್ಲಿಷಿನಲ್ಲಿ ಹೀರಿದರೆ ತಂತ್ರಜ್ಞಾನ, ಕನ್ನಡದಲ್ಲಿ ಹೀರಿದರೆ ಹಸಿ ಸುಳ್ಳು. ಚೆನ್ನಾಗಿದೆ.

---

ವಾಲ್ವ್‌ಗೆ ‘ಕದ’ ಎಂಬ ಅಚ್ಚಗನ್ನಡ ಪದ ಇರುವಾಗ ಪಠ್ಯಪುಸ್ತಕದವರು ‘ಕವಾಟ’ ಯಾಕೆ ತಂದರೋ. ಲ್ಯಾಟಿನ್ನಿನ ‘ವಾಲ್ವ’ ಕೂಡ ಬಾಗಿಲಿನ ರೆಕ್ಕೆಯೇ. ಕವಾಟವೇ ನಮ್ಮ ಕದದಿಂದ ಹೋದದ್ದು ಎಂದು ನಾನು ಇಲ್ಲಿ ಎಷ್ಟು ಸಲ ಬರೆದಿದ್ದೇನೆ.

---

ಬಹಳ ಸಲ. ವಾಲ್ವ್ ಯಾರೂ ಕೇಳಲಿಲ್ಲ. ‘ಹೃದಯದ ಕದ ಹಾಳಾಗಿದೆ’ ಅಂದರೆ ಅದು ಕವಿತೆ, ಕಾಯಿಲೆಯಲ್ಲ. ‘ಕಪಾಟು’ ಅನ್ನುವಾಗ ನಿಮಗೆ ಸಂಸ್ಕೃತ ಚುಚ್ಚುವುದಿಲ್ಲವೋ?

---

ಎಲ್ಲರಿಗೂ ಧನ್ಯವಾದ. ಇನ್ನೊಂದು ತೊಡಕು ಈಗ ಕಣ್ಣಿಗೆ ಬಿತ್ತು. ಎಂಜಿನ್ನಿನಿಂದ ಬಿಸಿನೀರು ರೇಡಿಯೇಟರಿಗೆ ಹೋಗುವ ಹೋಸ್ ಪೈಪ್ ಒಂದೇ: ಒಂದು ತುದಿ ಎಂಜಿನ್ನಿನ ಔಟ್‌ಲೆಟ್, ಇನ್ನೊಂದು ತುದಿ ರೇಡಿಯೇಟರಿನ ಇನ್‌ಲೆಟ್. ಪೈಪಿನ ಮೇಲೆ ಏನು ಬರೆದರೂ ಅರ್ಧ ತಪ್ಪು. ಹಾಗಾಗಿ ಯಾವುದರ ಬಾಯಿ ಎಂದು ಪ್ರತಿ ಸಲವೂ ಹೇಳಲೇಬೇಕು. ಕೊನೆಗೆ ಹೀಗೆ ಮಾಡಿದೆ: ‘ಪಂಪಿಗೆ ನೀರು ಬರುವ ಬಾಯಿ’, ‘ಪಂಪಿನಿಂದ ನೀರು ಹೋಗುವ ಬಾಯಿ’, ಎಂಜಿನ್ನಿಗೆ ‘ಗಾಳಿ ಬರುವ ದಾರಿ’, ‘ಹೊಗೆ ಹೋಗುವ ದಾರಿ’. ಉದ್ದವಾಯಿತು, ಗೊತ್ತು. ಚಿತ್ರದಲ್ಲಿ ಜಾಗ ಸಾಲದ ಕಡೆ ಬರೀ ಬಾಣದ ಗುರುತು ಹಾಕಿ ಕಳಿಸಿದ್ದೇನೆ.

---

‘ಬಾಣ’ ಸಂಸ್ಕೃತ. ಅಂಬು.