ಬಾಟಲ್ ತೂತಿಲ್ಲದ ಸೈಕಲ್ಲಿಗೆ ಫೋನು, ಲೈಟು, ನೀರು, ಪಂಪು: ನೀವೆಲ್ಲ ಹೇಗೆ ಕೂರಿಸಿದ್ದೀರಿ?

ಕೇಳಿದವರು, ಮೈಸೂರಿನ ಕುವೆಂಪುನಗರ:

ಮನೆಯಿಂದ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾಗೆ ಸೈಕಲ್ಲಲ್ಲೇ ಕೆಲಸಕ್ಕೆ ಹೋಗಿ ಬರ್ತೀನಿ. ಭಾನುವಾರ ಬೆಟ್ಟ, ಇಲ್ಲಾಂದ್ರೆ ಶ್ರೀರಂಗಪಟ್ಟಣದ ಕಡೆ. ಹಳೇ ಸ್ಟೀಲ್ ಫ್ರೇಮು, ಮುಂದೆ ಬುಟ್ಟಿ, ಹಿಂದೆ ಕ್ಯಾರಿಯರ್. ಫ್ರೇಮಲ್ಲಿ ಬಾಟಲ್ ಕೇಜ್, ಅಂದ್ರೆ ನೀರಿನ ಬಾಟಲ್ ಕೂರೋ ಗೂಡು, ಹಾಕೋ ತೂತೇ ಇಲ್ಲ. ಆನ್‌ಲೈನಲ್ಲಿ ತರಿಸಿದ ಫೋನ್ ಹೋಲ್ಡರ್ ಒಂದು ಹಂಪ್ ಬಂದ್ರೆ ಸಾಕು, ತಲೆ ತಗ್ಗಿಸಿಬಿಡುತ್ತೆ. ಲೈಟ್ ಹಾಕಿದ್ರೆ ಬುಟ್ಟಿ ಅಡ್ಡ. ಪಂಪನ್ನ ಬ್ಯಾಗಲ್ಲಿ ಹೊತ್ತು ತಿರುಗ್ತಿದೀನಿ. ಮನೇಲೇ ಏನಾದ್ರೂ ಮಾಡ್ಕೊಂಡವರಿದ್ರೆ ಹೇಳಿ, ಮತ್ತೆ ದುಡ್ಡು ಸುರಿಯೋ ಮನಸ್ಸಿಲ್ಲ.

ಸರಸ್ವತಿಪುರಂ:

ಹೋಲ್ಡರನ್ನ ಬೈಯೋಕೆ ಮುಂಚೆ ಹ್ಯಾಂಡಲ್ ಅಳೀರಿ ಸರ್. ವರ್ನಿಯರ್ ಕ್ಯಾಲಿಪರ್ ಬೇಡ, ಹೊಲಿಗೆ ದಾರ ಸಾಕು. ಹೋಲ್ಡರ್ ಕೂರೋ ಜಾಗದಲ್ಲಿ ಒಂದು ಸುತ್ತು ಸುತ್ತಿ, ಆ ದಾರನ ಸ್ಕೇಲ್ ಮೇಲಿಡಿ. 70 ಮಿ.ಮೀ. ಬಂದ್ರೆ ನಿಮ್ಮ ಪೈಪಿನ ದಪ್ಪ 22.2 ಮಿ.ಮೀ., 80 ಬಂದ್ರೆ 25.4, 100 ಬಂದ್ರೆ 31.8. ಸೈಕಲ್ ಹ್ಯಾಂಡಲ್‌ಗಳು ಹೆಚ್ಚು ಕಮ್ಮಿ ಈ ಮೂರರಲ್ಲೇ ಇರ್ತವೆ. ಕೈ ಹಿಡಿಯೋ ಕಡೆ 22.2, ನಡುವೆ 25.4. ಈಗಿನ ಎಂಟಿಬಿಗಳಲ್ಲಿ (ಮೌಂಟನ್ ಬೈಕ್) ನಡುಭಾಗ 31.8. ನಡುವಿನ ದಪ್ಪದಿಂದ ತುದಿಯ ಸಣ್ಣಕ್ಕೆ ಇಳಿಯೋ ಇಳಿಜಾರಿನ ಮೇಲೆ ಯಾವ ಕ್ಲಾಂಪನ್ನೂ ಹಾಕಬೇಡಿ. ಎಷ್ಟೇ ಬಿಗಿದ್ರೂ ಅದು ಸಣ್ಣ ಕಡೆಗೆ ಜಾರ್ತಾನೇ ಹೋಗುತ್ತೆ.

ಎರಡನೇದು ರಬ್ಬರು. ಜನ ಬೋಲ್ಟ್ ಮೇಲೆ ಜೋರು ತೋರಿಸ್ತಾರೆ, ಹಿಡಿದುಕೊಳ್ಳೋದು ಮಾತ್ರ ಒಳಗಿರೋ ರಬ್ಬರು. ಪಂಚರ್ ಅಂಗಡೀಲಿ ಬಿಸಾಕೋ ಟ್ಯೂಬನ್ನ ಉದ್ದಕ್ಕೆ ಸೀಳಿ, ಸೋಪಲ್ಲಿ ತೊಳೆದು, ಒಳಗಿನ ಪೌಡರೆಲ್ಲ ಹೋದ ಮೇಲೆ ಒಣಗಿಸಿ. ಟ್ಯೂಬು ಸುಮಾರು ಒಂದು ಮಿ.ಮೀ. ದಪ್ಪ, ಅಂದ್ರೆ ಒಂದೊಂದು ಸುತ್ತಿಗೂ ಎರಡು ಮಿ.ಮೀ. ವ್ಯಾಸ ಹೆಚ್ಚುತ್ತೆ. 22.2ರ ಪೈಪಿಗೆ ಎರಡು ಸುತ್ತು ಎಳೆದು ಹಾಕಿದ್ರೆ 25.4ರ ಕ್ಲಾಂಪ್ ಚೆನ್ನಾಗಿ ಕಚ್ಚಿ ಕೂರುತ್ತೆ. ಹೋಲ್ಡರ್ ಜೊತೆ ಕೊಡೋ ಗಟ್ಟಿ ಪ್ಲಾಸ್ಟಿಕ್ ತುಂಡಿಗಿಂತ ಇದು ಎಷ್ಟೋ ವಾಸಿ.

ಇಷ್ಟಾದ್ರೂ ಬಾಗುತ್ತೆ ಅಂದ್ರೆ ಫೋನು ಹ್ಯಾಂಡಲ್‌ನಿಂದ ತುಂಬಾ ಮುಂದಕ್ಕೆ ಚಾಚಿಕೊಂಡಿದೆ ಅಂತ. ಇನ್ನೂರು ಗ್ರಾಂ ಫೋನು ಪೈಪಿನ ನೆತ್ತಿ ಮೇಲೇ ಕೂತ್ರೆ ತೊಂದರೆ ಇಲ್ಲ, ನಾಲ್ಕು ಬೆರಳು ಆಚೆ ನಿಂತ್ರೆ ಪ್ರತಿ ಹಂಪಲ್ಲೂ ಸನ್ನೆಗೋಲಾಗುತ್ತೆ. ಕೈ ಗಿಡ್ಡ ಇರೋ ಹೋಲ್ಡರ್ ಹುಡುಕಿ, ಸಾಧ್ಯವಾದ್ರೆ ಹ್ಯಾಂಡಲ್‌ನ ನಡುವೆ ಹಿಡಿದಿರೋ ಸ್ಟೆಮ್ ಮೇಲೇ ಕೂರಿಸಿ. ಫೋನಿಂದ ಹ್ಯಾಂಡಲ್‌ಗೆ ಒಂದು ದಾರ ಕಟ್ಟೋದನ್ನ ಮರೀಬೇಡಿ.

ಅಂದ ಹಾಗೆ ಫೋನು ಅಲ್ಲಿ ಯಾಕೆ ಇರ್ಬೇಕು? ಕ್ಯಾಮೆರಾದ ಲೆನ್ಸ್ ಅಲುಗದ ಹಾಗೆ ಹಿಡಿಯೋ ಸೂಕ್ಷ್ಮ ಯಂತ್ರ ಬೈಕ್ ಎಂಜಿನ್ ಕಂಪನಕ್ಕೆ ಕೆಡಬಹುದು ಅಂತ ಆ್ಯಪಲ್ 2021ರಲ್ಲೇ ಎಚ್ಚರಿಸಿತ್ತು. ಸೈಕಲ್ಲಿಗೆ ಎಂಜಿನ್ ಇಲ್ಲ ನಿಜ, ಆದ್ರೆ ಡಾಂಬರು ಕಿತ್ತ ರಸ್ತೆ ಇದೆಯಲ್ಲ. ದಿನಾ ಹೋಗೋ ದಾರಿಗೆ ಮ್ಯಾಪ್ ಬೇಕಿಲ್ಲ, ಹೊಸ ದಾರೀಲಿ ಮಾತ್ರ ಹಾಕ್ಕೊಳ್ಳಿ ಅನ್ನೋದು ನನ್ನ ಅಭಿಪ್ರಾಯ.

ಮಂಡ್ಯ:

ಅಣ್ಣ, ನಂದು ಡಬಲ್ ಬಾರಿನ ಹಳೇ ಸೈಕಲ್ಲು, ವಿ.ಸಿ. ನಾಲೆ ಏರಿ ಮೇಲೇ ಓಡಾಟ. ಬಾಟ್ಲಿಗೆ ಹೇಳ್ತೀನಿ ಕೇಳಿ. ಫ್ರೇಮ್ಗೆ ತೂತು ಮಾತ್ರ ಹೊಡೆಸ್ಬ್ಯಾಡಿ. ಯಾರಾದ್ರೂ ವೆಲ್ಡಿಂಗ್ ಶಾಪ್ನೋರು "ಎಲ್ಡು ತೂತು ತಾನೆ" ಅಂತಾರೆ, ಒಪ್ಕಬ್ಯಾಡಿ. ಪೈಪು ತೆಳ್ಳಗದೆ, ತೂತಿಂದ ನೀರಿಳುದ್ರೆ ಒಳಗಿಂದ್ಲೇ ತುಕ್ಕು ಹಿಡೀತದೆ.

ಅಲ್ಯೂಮಿನಿಯಂ ಕಿಟಕಿ ಮಾಡೋರತ್ರ ಹೋಗಿ ಗೇಣುದ್ದದ ಪಟ್ಟಿ ತುಂಡು ಕೇಳಿ. ಅದ್ರಲ್ಲಿ 64 ಮಿ.ಮೀ. ಅಂತರಕ್ಕೆ ಎಲ್ಡು ತೂತು, 5 ಮಿ.ಮೀ. ಬೋಲ್ಟು. ಎಲ್ಲಾ ಬಾಟ್ಲಿ ಕೇಜಿಗೂ ಅದೇ ಅಳತೆ, ಯಾವ ಕಂಪ್ನಿದು ತಂದ್ರೂ ಕೂತ್ಕತದೆ. ಬೋಲ್ಟು ಚಪ್ಪಟೆ ತಲೇದಿರ್ಲಿ, ಹಿಂದ್ಗಡೆಯಿಂದ ತೂರ್ಸಿ, ತಲೆ ಪಟ್ಟಿ ಒಳೀಕೆ ಮುಳುಗ್ಬೇಕು. ಅದ್ಕೇ ಪಟ್ಟಿ ಮೂರು ಮಿ.ಮೀ.ಗಿಂತ ತೆಳ್ಳಗಿದ್ರೆ ಆಗಕಿಲ್ಲ. ಆ ಪಟ್ಟೀನ ಪೈಪಿನ ಮ್ಯಾಲೆ ಟ್ಯೂಬ್ ಸುತ್ತಿ ಇಟ್ಟು, ನೀರಿನ ಪೈಪಿಗೆ ಹಾಕೋ ಸ್ಟೀಲ್ ಹೋಸ್ ಕ್ಲಿಪ್ಪು ಮ್ಯಾಲೊಂದು ಕೆಳಗೊಂದು ಬಿಗೀರಿ. ಕ್ಲಿಪ್ಪಿನ ಸ್ಕ್ರೂ ತಲೆ ಕಾಲಿಗೆ ತಗುಲ್ದಂಗೆ ಅಡೀಕೆ ತಿರುಗ್ಸಿ, ಉಳಿದ ಬಾಲ ಕತ್ರಿಸಿ ಅರ ಹಾಕಿ. ಪಂಚೆ ಉಟ್ಕಂಡು ತುಳಿಯೋರಿಗೆ ಇದ್ರ ಬೆಲೆ ಗೊತ್ತಾಯ್ತದೆ.

ನಟ್ಟು ಒಳಗೆ ನೈಲಾನ್ ಬಳೆ ಇರೋದೇ ತಗಳಿ, ಸಾದಾ ನಟ್ಟು ಏರಿ ಮ್ಯಾಲೆ ಉದುರೋಯ್ತದೆ. ಕೇಬಲ್ ಟೈ ಬಳಸೋದಾದ್ರೆ ಕಪ್ಪು ಬಣ್ಣದ್ದೇ ತರ್ಬೇಕು, ಬಿಳೀದು ಬಿಸಿಲ್ಗೆ ಪುಡಿಪುಡಿ.

ಕೇಳಿದವರು:

ಅಣ್ಣ, ಪಟ್ಟಿ ಐಡಿಯಾ ಸೂಪರ್. ಆಫೀಸಿನ ಗೆಳೆಯರೊಬ್ಬರ ಹತ್ರ ತ್ರೀಡಿ ಪ್ರಿಂಟರ್ ಇದೆ, "ಡಿಸೈನ್ ಕೊಡು, ರಾತ್ರಿ ಹಾಕಿ ಬೆಳಗ್ಗೆ ಕೊಡ್ತೀನಿ" ಅಂತಾರೆ. ಲೈಟಿನ ಕ್ಲಾಂಪ್ ಅದರಲ್ಲೇ ಮಾಡಿಸಲಾ?

ಹೆಬ್ಬಾಳ ಎರಡನೇ ಹಂತ:

ಮಾಡಿಸಿ, ಆದ್ರೆ ಯಾವ ಪ್ಲಾಸ್ಟಿಕ್ ಅಂತ ಮೊದಲು ಕೇಳಿ. ಎಲ್ಲರ ಹತ್ರ ಇರೋದು ಪಿಎಲ್‌ಎ, ಅದು 60 ಡಿಗ್ರಿ ಸೆಲ್ಸಿಯಸ್ ಹತ್ರ ಮೆತ್ತಗಾಗುತ್ತೆ. ಏಪ್ರಿಲ್ ಬಿಸಿಲಲ್ಲಿ ಫ್ಯಾಕ್ಟರಿ ಸ್ಟ್ಯಾಂಡಲ್ಲಿ ನಿಂತ ಸೈಕಲ್ಲಿನ ಕಪ್ಪು ಕ್ಲಾಂಪು ಆ ಬಿಸಿಯ ಹತ್ತಿರಕ್ಕೆ ಹೋಗಬಹುದು. ಅಷ್ಟು ಬಿಸಿಯಾಗದಿದ್ರೂ ಬೋಲ್ಟಿನ ಬಿಗಿತದಲ್ಲೇ ನಿಧಾನಕ್ಕೆ ಹಿಗ್ಗಿ ಸಡಿಲ ಆಗುತ್ತೆ. ಪಿಇಟಿಜಿ 80ರವರೆಗೆ ತಡೆಯುತ್ತೆ, ಎಎಸ್‌ಎ ನೂರರ ಸುಮಾರು ತಡೆದು ಬಿಸಿಲಿಗೂ ಬಗ್ಗಲ್ಲ. ಅವರ ಹತ್ರ ಪಿಇಟಿಜಿ ಇದ್ರೆ ಅಷ್ಟೇ ಸಾಕು.

ಇನ್ನೊಂದು, ಉಂಗುರನ ಮಲಗಿಸಿ ಪ್ರಿಂಟ್ ಮಾಡಿಸಿ, ಪದರಗಳು ಪೈಪಿನ ಸುತ್ತ ಸುತ್ತೋ ಹಾಗೆ. ನಿಲ್ಲಿಸಿ ಮಾಡಿದ್ರೆ ಬೋಲ್ಟ್ ಬಿಗಿಯೋವಾಗಲೇ ಕಿವಿ ಪದರ ಬಿಟ್ಟು ಚಟ್ ಅನ್ನುತ್ತೆ. ಅಳತೆ ಪೈಪಿಗಿಂತ ಎರಡು ಮೂರು ಮಿ.ಮೀ. ಜಾಸ್ತಿ ಇಟ್ಕೊಳ್ಳಿ, ರಬ್ಬರಿಗೆ ಜಾಗ ಬೇಕಲ್ಲ.

ಸರಸ್ವತಿಪುರಂ:

ಲೈಟಿಗೆ ಪ್ರಿಂಟರ್ ತನಕ ಯಾಕೆ ಹೋಗ್ತೀರಿ? ಹತ್ತಿರದ ಎಲೆಕ್ಟ್ರಿಕಲ್ ಅಂಗಡೀಲಿ ವೈರಿಂಗ್‌ಗೆ ಬಳಸೋ 25 ಮಿ.ಮೀ. ಪಿವಿಸಿ ಪೈಪ್ ಸಿಗುತ್ತೆ. ಹೊರಗಿನ ಅಳತೆನೇ 25, ಅಂದ್ರೆ ಹೆಚ್ಚು ಕಮ್ಮಿ ಹ್ಯಾಂಡಲ್‌ನಷ್ಟೇ ದಪ್ಪ. ಬೆರಳುದ್ದ ಕತ್ತರಿಸಿ ಬೇಕಾದ ಕಡೆ ಬೋಲ್ಟ್ ಹಾಕಿ, ಅದೇ ಒಂದು ಪುಟ್ಟ ಹ್ಯಾಂಡಲ್ ಆಯ್ತು. ಅಂಗಡಿಯ ಯಾವ ಲೈಟೂ ಅದನ್ನ ಹಿಡ್ಕೊಳ್ಳುತ್ತೆ. ಒಂದನ್ನ ಕ್ಯಾರಿಯರ್ ಹಿಂದಿನ ತುದೀಲಿ, ರಿಫ್ಲೆಕ್ಟರ್ ತೂತಿನ ಹತ್ರ ಹಾಕಿ. ಸೀಟಿನ ಕೆಳಗೆ ಹಾಕಿದ ಕೆಂಪು ಲೈಟು ಕ್ಯಾರಿಯರ್ ಮೇಲೆ ಬ್ಯಾಗಿಟ್ಟ ತಕ್ಷಣ ಮರೆಯಾಗುತ್ತೆ, ಇದನ್ನ ಗಮನಿಸದೇ ಓಡಾಡೋರು ಊರು ತುಂಬಾ ಇದ್ದಾರೆ.

ಮುಂಭಾಗದ ಲೈಟು ಬುಟ್ಟಿಯ ಕೆಳಗೆ, ಮುಂದಿನ ಚಕ್ರ ಹಿಡಿದಿರೋ ಫೋರ್ಕಿನ ನೆತ್ತೀಲಿ ಮಡ್‌ಗಾರ್ಡ್ ಬೋಲ್ಟಿಗೆ ಎಲ್ ಆಕಾರದ ಪಟ್ಟಿ ಹಾಕಿ ಅಲ್ಲಿ. ಬ್ರೇಕೂ ಅದೇ ಬೋಲ್ಟಲ್ಲಿ ನಿಂತಿದ್ರೆ ಮುಟ್ಟಬೇಡಿ, ಬೇರೆ ಜಾಗ ನೋಡಿ. ಬೆಳಕು ಎದುರಿಗೆ ಬರೋರ ಕಣ್ಣಿಗಲ್ಲ, ನೆಲಕ್ಕೆ ಬೀಳ್ಬೇಕು. ಎಲ್ಲ ಆದ ಮೇಲೆ ಹ್ಯಾಂಡಲ್‌ನ ಎರಡೂ ಕಡೆ ಪೂರ್ತಿ ತಿರುಗಿಸಿ, ಬ್ರೇಕ್ ವೈರ್ ಎಲ್ಲೂ ಎಳೆಯಬಾರದು.

ಮಂಡ್ಯ:

ಹಳೇ ಸೈಕಲ್ಗಳಲ್ಲಿ ಡೈನಮೋ ಲೈಟ್ ಹಾಕಕ್ಕೆ ಅಂತ್ಲೇ ಹ್ಯಾಂಡಲ್ ಮುಂದೆ ಒಂದು ಬ್ರಾಕೆಟ್ ಇರ್ತಿತ್ತು ಕಣಣ್ಣ. ಹಳೇ ಸೈಕಲ್ ಶಾಪ್ನಲ್ಲಿ ಗುಜರಿ ಡಬ್ಬ ಕೆದಕುದ್ರೆ ಸಿಕ್ಕಿದ್ರೂ ಸಿಗ್ಬೋದು. ಬುಟ್ಟಿ ಎತ್ತರ ಕಮ್ಮಿ ಇದ್ರೆ ಅದೇ ಸಾಕು.

ಹಿಂದ್ಗಡೆ ಲೈಟಿನ ಮಾತು ನಿಜ. 2023ರ ಆಗಸ್ಟಿಂದ ಬೆಂಗ್ಳೂರು–ಮೈಸೂರು ಹೈವೇ ಮೇನ್ ರೋಡ್ಗೆ ಸೈಕಲ್ ಬಿಡಲ್ಲ, ಸರ್ವಿಸ್ ರೋಡೇ ಗತಿ. ಕಬ್ಬು ಕಡಿಯೋ ಟೈಮ್ನಲ್ಲಿ ಅದೇ ರೋಡಲ್ಲಿ ಟ್ರಾಕ್ಟ್ರು ಸಾಲು. ಮೇಲ್ಗಡೆ ಕೂತಿರೋ ಡ್ರೈವರ್ಗೆ ಕಾಣ್ಬೇಕು ಅಂದ್ರೆ ಕ್ಯಾರಿಯರ್ ತುದಿ ಲೈಟೇ ಸರಿ.

ಕೇಳಿದವರು:

ದಾರ ಸುತ್ತಿ ನೋಡ್ದೆ, ನಡುವೆ 80 ಬಂತು. ನಾನು ಹೋಲ್ಡರ್ ಹಾಕಿರೋ ಕಡೆ 74, ಅಂದ್ರೆ ಇಳಿಜಾರೇ. ಪಂಪಿಗೆ ಏನ್ಮಾಡ್ಲಿ?

ಹೆಬ್ಬಾಳ ಎರಡನೇ ಹಂತ:

ಸಣ್ಣ ಪಂಪಾದ್ರೆ ಅದರ ಜೊತೆ ಬರೋ ಕ್ಲಿಪ್ಪಲ್ಲೂ ಅದೇ 64ರ ತೂತು ಇರುತ್ತೆ. ಅಣ್ಣ ಹೇಳಿದ ಪಟ್ಟಿ ಮೇಲೆ ಮೊದಲು ಕ್ಲಿಪ್ಪು, ಅದರ ಮೇಲೆ ಬಾಟಲ್ ಕೇಜು, ಎರಡಕ್ಕೂ ಒಂದೇ ಬೋಲ್ಟ್. ಬೋಲ್ಟ್ ಮಾತ್ರ ಮೊದಲಿನದಕ್ಕಿಂತ ಅರ್ಧ ಸೆಂಟಿಮೀಟರ್ ಹೆಚ್ಚು ಉದ್ದದ್ದು ತಗೊಳ್ಳಿ. ಗಡಗಡ ಸದ್ದು ಬಂದ್ರೆ ಟ್ಯೂಬಿಂದ ಒಂದು ಉಂಗುರ ಕತ್ತರಿಸಿ ಪಂಪಿಗೂ ಕ್ಲಿಪ್ಪಿಗೂ ಸೇರಿಸಿ ಹಾಕಿ. ಪಂಪು ಚೈನ್ ಇಲ್ಲದ ಎಡಗಡೆಗೇ ಬರಲಿ, ಪೆಡಲ್ ಹಿಂದಕ್ಕೆ ತಿರುಗಿಸಿ ಮಂಡಿ ತಗಲುತ್ತಾ ಅಂತ ನೋಡಿಕೊಂಡು ಬಿಗೀರಿ.