ಹಾಲಿಗೆ ಹೊರಟ ನಡಿಗೆ

ಪುಟ್ಟೀ, ಅತ್ತೆ ಮಾತಾಡುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಗ್ರೂಪಿನಲ್ಲಿ ಉಳಿದವರು ಪುರುಸೊತ್ತಾದಾಗ ಕೇಳಿ.

ನಿನ್ನ ಮೆಸೇಜು ನಿನ್ನೆ ರಾತ್ರಿಯೇ ನೋಡಿದೆ. ರಿಪೋರ್ಟಿನಲ್ಲಿ ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 5.9 ಬಂದಿದೆ, ಡಾಕ್ಟರು ದಿನಾ ವ್ಯಾಯಾಮ ಮಾಡಿ ಅಂದಿದ್ದಾರೆ, ಜಿಮ್ಮಿಗೆ ಒಂದು ವರ್ಷದ ದುಡ್ಡು ಕಟ್ಟಿ ಒಂಬತ್ತು ದಿನ ಹೋದೆ, ಆಮೇಲೆ ಮನಸ್ಸೇ ಬರುವುದಿಲ್ಲ, ನಿಮಗೆಲ್ಲ ಆ ಮನಸ್ಸು ಎಲ್ಲಿಂದ ಬರುತ್ತದೆ ಅಂತ ಕೇಳಿದ್ದೀ. ಅದಕ್ಕೆ ಅಣ್ಣ ‘ಮನಸ್ಸು ಗಟ್ಟಿ ಮಾಡು ಮಗಾ’ ಅಂದ. ಇನ್ನಿಬ್ಬರು ವಿಡಿಯೊ ಕಳಿಸಿದರು. ಅಣ್ಣಾ, ಬೇಜಾರು ಮಾಡ್ಬೇಡ, ನಿನ್ನ ಮಗಳ ಮನಸ್ಸು ಗಟ್ಟಿಯೇ ಉಂಟು. ಆಫೀಸಿನ ಕೆಲಸ, ಮನೆ, ಚಿನ್ನುವಿನ ಶಾಲೆ ಎಲ್ಲ ಒಬ್ಬಳೇ ನಿಭಾಯಿಸುವವಳಿಗೆ ಇನ್ನೂ ಗಟ್ಟಿ ಮಾಡಿಕೋ ಅಂದರೆ ಅವಳು ಎಲ್ಲಿಂದ ತರುವುದು?

ಮೊದಲು ಆ 5.9ರ ವಿಷಯ ಹೇಳಿಬಿಡುತ್ತೇನೆ. 26 ವರ್ಷ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿದವಳು ನಾನು. 5.7ರಿಂದ 6.4ರ ವರೆಗೆ ಬಂದರೆ ಸಕ್ಕರೆ ಕಾಯಿಲೆಯ ಅಂಚು ಅಂತ ಲೆಕ್ಕ. ಕಾಯಿಲೆ ಬಂದಿಲ್ಲ, ಆದರೆ ಬಾಗಿಲಿನ ಹತ್ತಿರ ಉಂಟು. ಆ ನಂಬರು ನೋಡಿ ‘ಓ, ಇನ್ನೂ ಬಂದಿಲ್ಲ ಅಲ್ವಾ’ ಅಂತ ರಿಪೋರ್ಟು ಮಡಚಿ ಬ್ಯಾಗಿಗೆ ಹಾಕಿಕೊಂಡು ಹೋದವರನ್ನು ತುಂಬಾ ನೋಡಿದ್ದೇನೆ. ಎರಡು ಮೂರು ವರ್ಷ ಬಿಟ್ಟು ಅದೇ ಕುರ್ಚಿಯಲ್ಲಿ ಕೈ ಚಾಚಿ ಕೂರುವಾಗ ಅವರ ಮುಖ ಬೇರೆಯೇ ಇರುತ್ತಿತ್ತು. ನಿನ್ನ ಅಜ್ಜನ ಕಾಲಿನ ಗಾಯ ನಿನಗೆ ನೆನಪಿರಲಿಕ್ಕಿಲ್ಲ, ನೀನು ಸಣ್ಣವಳು. ಹೆಬ್ಬೆರಳಿನ ಹತ್ತಿರ ಒಂದು ಸಣ್ಣ ಗಾಯ ಮಾಗಲಿಕ್ಕೆ ನಾಲ್ಕು ತಿಂಗಳು ಹಿಡಿಯಿತು. ದಿನಾ ಡ್ರೆಸ್ಸಿಂಗ್ ಮಾಡಿದ್ದು ನಾನು. ಹಾಗಾಗಿ ಹೇಳುತ್ತಿದ್ದೇನೆ, ಹೆದರಿಸಲಿಕ್ಕೆ ಅಲ್ಲ.

ಸಮಾಧಾನದ ವಿಷಯವೂ ಉಂಟು. ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಅಂತ ದೊಡ್ಡ ಸಕ್ಕರೆ ಕಾಯಿಲೆ ತಜ್ಞರು. ಹೀಗೆ ಅಂಚಿನಲ್ಲಿದ್ದ 531 ಜನರನ್ನು ಅವರ ತಂಡ ವರ್ಷಗಟ್ಟಲೆ ಗಮನಿಸಿ 2006ರಲ್ಲಿ ಪ್ರಕಟಿಸಿತು. ಎಲ್ಲರೂ ನಮ್ಮ ದೇಶದವರೇ, ಅನ್ನ ಉಣ್ಣುವವರೇ. ಸುಮ್ಮನೆ ಬಿಟ್ಟವರಲ್ಲಿ ಮೂರು ವರ್ಷದಲ್ಲಿ ನೂರಕ್ಕೆ 55 ಜನರಿಗೆ ಕಾಯಿಲೆ ಬಂತು. ಊಟ ಸ್ವಲ್ಪ ತಿದ್ದಿಕೊಂಡು ದಿನಾ ನಡೆದಾಡಿದವರಲ್ಲಿ 39 ಜನರಿಗೆ. ಪೂರ್ತಿ ತಪ್ಪುತ್ತದೆ ಅಂತ ಯಾರೂ ಹೇಳುವುದಿಲ್ಲ. ಆದರೆ ಅಷ್ಟು ಜನ ಕಾಯಿಲೆ ಬಾರದೆ ಈಚೆ ದಡದಲ್ಲೇ ಉಳಿದರು ನೋಡು. ನಡೆಯುವಾಗ ಕಾಲಿನ ಮಾಂಸಖಂಡ ರಕ್ತದಲ್ಲಿದ್ದ ಸಕ್ಕರೆಯನ್ನು ನೇರವಾಗಿ ಎಳೆದುಕೊಳ್ಳುತ್ತದೆ, ಇನ್ಸುಲಿನ್ ಬಂದು ಬಾಗಿಲು ತೆಗೆಯಲಿ ಅಂತ ಕಾಯುವುದಿಲ್ಲ. ನೀನು ಇಳಿಸಬೇಕಾದ್ದು ಆ ಸಕ್ಕರೆಯನ್ನೇ.

ತಡಿ, ಕುಕ್ಕರ್ ಕೂಗಿತು. ...ಹಾಂ.

ಈಗ ಆ ಮನಸ್ಸಿನ ವಿಷಯ. ಉಡುಪಿ ಕೃಷ್ಣಮಠದ ಪೂಜೆಯ ಸರದಿ ಒಂದು ಮಠದಿಂದ ಇನ್ನೊಂದಕ್ಕೆ ಹೋಗುತ್ತದಲ್ಲ, ಆ 2024ರ ಪರ್ಯಾಯಕ್ಕೆ ನಾವೆಲ್ಲ ಜೋಡುಕಟ್ಟೆಯಿಂದ ಮೆರವಣಿಗೆ ಜೊತೆ ಹೊರಟಿದ್ದೆವು, ಜನವರಿ 18ರ ಬೆಳಗಿನ ಜಾವ. ರಥಬೀದಿ ಮುಟ್ಟುವ ಮೊದಲೇ ನನ್ನ ಕಾಲು ಸೋತಿತು. ಒಂದು ಅಂಗಡಿಯ ಮೆಟ್ಟಿಲಲ್ಲಿ ಕೂತೆ. ಚೆಂಡೆ, ಟ್ಯಾಬ್ಲೋ ಎಲ್ಲ ಎದುರಿನಿಂದಲೇ ಹೋಯಿತು, ನಮ್ಮವರೂ ಮುಂದೆ ಹೋದರು. ಮಾವ ಮಾತ್ರ ಏನೂ ಹೇಳದೆ ನನ್ನ ಹತ್ತಿರ ನಿಂತರು. ಸಣ್ಣಂದಿನಿಂದ ನಡೆದ ದಾರಿ ಅದು. ಅವತ್ತು ನನಗೆ ಅಳು ಬಂತು ಪುಟ್ಟೀ. ನಾಳೆಯಿಂದ ದಿನಾ ನಡೆಯುತ್ತೇನೆ ಅಂತ ಅಲ್ಲೇ ಕೂತು ದೇವರಿಗೆ ಹೇಳಿದೆ.

ನಾಲ್ಕು ದಿನ ನಡೆದೆ. ಐದನೇ ದಿನ ನೆಂಟರು ಬಂದರು. ಆಮೇಲೆ ನಿಂತೇ ಹೋಯಿತು. ಅಷ್ಟು ಅತ್ತವಳಿಗೆ, ದೇವರಿಗೆ ಮಾತು ಕೊಟ್ಟವಳಿಗೆ ಮನಸ್ಸು ಇರಲಿಲ್ಲ ಅಂತ ಹೇಗೆ ಹೇಳುವುದು? ಇತ್ತು. ಮನಸ್ಸಿಗೆ ಅಷ್ಟೇ ಆಯುಸ್ಸು. ಬೆಳಿಗ್ಗೆ ಐದೂವರೆಗೆ ಕಣ್ಣು ಬಿಟ್ಟಾಗ ಅದು ನಮ್ಮ ಜೊತೆ ಏಳುವುದಿಲ್ಲ.

ಫೆಬ್ರವರಿಯಲ್ಲಿ ನಮ್ಮ ಮನೆಗೆ ಹಾಲು ಹಾಕುತ್ತಿದ್ದ ಹುಡುಗ ಬೇರೆ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ. ಬದಲಿ ಯಾರೂ ಸಿಗಲಿಲ್ಲ. ಅಜ್ಜಿಗೆ ಆರೂವರೆಗೆ ಚಾ ಆಗಲೇಬೇಕು, ನಿನಗೆ ಗೊತ್ತಲ್ಲ. ಹಾಗಾಗಿ ನಾನೇ ಬಟ್ಟೆ ಚೀಲ ಹಿಡಿದು ನಂದಿನಿ ಬೂತಿಗೆ ಹೊರಟೆ. ಹೋಗಲಿಕ್ಕೆ ಹತ್ತು ನಿಮಿಷ, ಬರಲಿಕ್ಕೆ ಹತ್ತು ನಿಮಿಷ. ಬರುವಾಗ ಸ್ವಲ್ಪ ಏರು. ಪ್ಯಾಕೆಟಿನ ತಣ್ಣನೆ ನೀರು ಚೀಲದಿಂದ ಇಳಿದು ಸೀರೆಯ ಒಂದು ಬದಿ ಒದ್ದೆ ಆಗುತ್ತಿತ್ತು. ಎರಡನೇ ವಾರ ಹೊಸ ಹುಡುಗ ಬಂದು ಗೇಟಿನ ಹತ್ತಿರ ಕೇಳಿದ, ನಾಳೆಯಿಂದ ಹಾಕ್ಲಾ ಅಮ್ಮ ಅಂತ. ಆಗ ನನಗೆ ಹೊಳೆಯಿತು. ಹನ್ನೊಂದು ದಿನ ಒಂದೂ ತಪ್ಪದೆ ನಡೆದಿದ್ದೇನೆ! ಒಂದು ದಿನವೂ ‘ಹೋಗಲಾ, ಬೇಡವಾ’ ಅಂತ ನನ್ನನ್ನು ನಾನು ಕೇಳಿರಲಿಲ್ಲ. ಹಾಲಿಗೆ ಹೋಗಲು ಯಾರಿಗಾದರೂ ಸ್ಫೂರ್ತಿ ಬೇಕಾ? ಹಾಲು ಬೇಕು, ಹೋಗುತ್ತೇವೆ.

ಅವನಿಗೆ ಬೇಡ ಮಗಾ ಅಂದೆ. ನಾನು ಮಾಡಿದ್ದು ಅಷ್ಟೇ ಪುಟ್ಟೀ. ಮನೆಗೆ ಬರುವ ಹಾಲು ನಿಲ್ಲಿಸಿದೆ.

ಆಮೇಲೆ ಒಂದು ದಿನ, ಹಾಲು ತೆಗೆದುಕೊಳ್ಳುವ ಮೊದಲು ಅಜ್ಜರಕಾಡು ಮೈದಾನಕ್ಕೆ ಒಂದು ಸುತ್ತು ಹಾಕಿದೆ. ಮರುವಾರ ಎರಡು ಸುತ್ತು. ಏಪ್ರಿಲಿನ ಬಿಸು ಹಬ್ಬದ ಹೊತ್ತಿಗೆ ಹೋಗದಿದ್ದರೆ ಏನೋ ಬಾಕಿ ಉಳಿದ ಹಾಗೆ ಅನಿಸತೊಡಗಿತು. ಬೂತಿನವರು ನಾನು ತಿರುವಿನಲ್ಲಿ ಕಾಣುವಾಗಲೇ ಎರಡು ನೀಲಿ ಪ್ಯಾಕೆಟ್ ಎತ್ತಿ ಇಡುತ್ತಾರೆ. ಒಂದು ದಿನ ಜ್ವರ ಬಂದು ಹೋಗಲಿಲ್ಲ, ಮಾರನೇ ದಿನ ‘ಏನಮ್ಮ, ಹುಷಾರಿಲ್ವಾ’ ಅಂತ ಕೇಳಿದರು. ಆ ಒಂದು ಮಾತು ಎಷ್ಟೋ ವಿಡಿಯೊಗಿಂತ ಜಾಸ್ತಿ.

ಇದೆಲ್ಲ ಹೇಳಿದಾಗ ಮಣಿಪಾಲದಲ್ಲಿ ಫಿಸಿಯೋಥೆರಪಿ ಓದುವ ನಮ್ಮ ಚಿಕ್ಕವಳು, ‘ಅಮ್ಮಾ, ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ’ ಅಂತ ತೋರಿಸಿದಳು. ಇಂಗ್ಲೆಂಡಿನಲ್ಲಿ ಕಾಲೇಜು ಮಕ್ಕಳನ್ನು ಮೂರು ಗುಂಪು ಮಾಡಿದ್ದರಂತೆ, 2002ರಲ್ಲಿ ಪ್ರಕಟವಾದದ್ದು. ಒಂದು ಗುಂಪಿಗೆ ವ್ಯಾಯಾಮದ ಬಗ್ಗೆ ಏನೂ ಹೇಳಲಿಲ್ಲ. ಇನ್ನೊಂದು ಗುಂಪಿಗೆ ವ್ಯಾಯಾಮ ಮಾಡಿದರೆ ಹೃದಯಕ್ಕೆ ಏನು ಒಳ್ಳೆಯದು ಅಂತ ಓದಲು ಕೊಟ್ಟರು. ಮೂರನೆಯ ಗುಂಪಿಗೆ ಅದನ್ನೂ ಕೊಟ್ಟು, ಯಾವ ದಿನ, ಎಷ್ಟು ಗಂಟೆಗೆ, ಯಾವ ಜಾಗದಲ್ಲಿ ಮಾಡುತ್ತೀರಿ ಅಂತ ಬರೆಸಿಕೊಂಡರು. ಆ ವಾರ ಬರೆದುಕೊಟ್ಟವರಲ್ಲಿ ನೂರಕ್ಕೆ 91 ಜನ ವ್ಯಾಯಾಮ ಮಾಡಿದರು. ಬರೀ ಓದಿದವರಲ್ಲಿ 35. ಏನೂ ಹೇಳದೆ ಬಿಟ್ಟವರಲ್ಲಿ 38! ಓದಿದ್ದರಿಂದ, ಹೆದರಿದ್ದರಿಂದ ಕಾಲು ಮುಂದೆ ಹೋಗಲಿಲ್ಲ. ಜಾಗ, ಹೊತ್ತು ಗೊತ್ತಾದಾಗ ಹೋಯಿತು.

ಹಾಗಾದರೆ ನಿನಗೆ ಹಾಲಿನ ಹಾಗೆ ಇರುವುದು ಯಾವುದು? ನಿನ್ನೆ ರಾತ್ರಿ ಮಲಗಿ ಅದನ್ನೇ ಯೋಚಿಸಿದೆ. ಮೇ ತಿಂಗಳಲ್ಲಿ ಮಂಗಳೂರಿಗೆ, ನಿಮ್ಮ ಬಿಜೈ ಮನೆಗೆ ಬಂದಿದ್ದಾಗ ಚಿನ್ನುವನ್ನು ಕದ್ರಿ ಹತ್ತಿರ ಭರತನಾಟ್ಯ ಕ್ಲಾಸಿಗೆ ಬಿಡಲು ನಾನೂ ನಿನ್ನ ಜೊತೆ ಬಂದಿದ್ದೆ ಅಲ್ವಾ. ಅವಳು ಗೆಜ್ಜೆ ಚೀಲ ಹಿಡಿದು ಒಳಗೆ ಓಡಿದಳು. ನೀನು ಕಾರಿನ ಸೀಟು ಹಿಂದೆ ಮಾಡಿ ಮೊಬೈಲು ತೆಗೆದೆ. ಮುಕ್ಕಾಲು ಗಂಟೆ. ಸೋಮವಾರ, ಬುಧವಾರ, ಶುಕ್ರವಾರ. ನಾನು ಅದನ್ನು ತಪ್ಪು ಅನ್ನುವುದಿಲ್ಲ, ದಿನವಿಡೀ ದುಡಿದವಳಿಗೆ ಅಷ್ಟು ಹೊತ್ತು ಕೂರಬೇಕು ಅನಿಸುತ್ತದೆ. ಆದರೆ ಆ ಕ್ಲಾಸಿಗೆ ನೀನು ಹೋಗಿಯೇ ಹೋಗುತ್ತೀ. ಮನಸ್ಸಿದ್ದರೂ ಹೋಗುತ್ತೀ, ಇಲ್ಲದಿದ್ದರೂ ಹೋಗುತ್ತೀ. ಕದ್ರಿ ಪಾರ್ಕು ಪಕ್ಕದಲ್ಲೇ ಉಂಟು.

ಮೂರು ದಿನ 45 ನಿಮಿಷ ಅಂದರೆ 135 ನಿಮಿಷ ಆಯಿತು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ ಕಡಿಮೆ ಅಂದರೆ 150 ನಿಮಿಷ, ಸ್ವಲ್ಪ ಬಿರುಸಾಗಿ. ಉಳಿದ 15 ನಿಮಿಷ ಭಾನುವಾರ ಊಟ ಆದ ಮೇಲೆ ನಡೆದರೆ ಮುಗಿಯಿತು. ಊಟದ ನಂತರದ ನಡಿಗೆ ಸಕ್ಕರೆಗೆ ಇನ್ನೂ ಒಳ್ಳೆಯದು. ಬಿರುಸು ಅಂದರೆ ಎಷ್ಟು ಅಂತ ವಾಚು ನೋಡಬೇಡ. ಮಾತಾಡಲು ಆಗಬೇಕು, ಭಜನೆ ಹಾಡಲು ಆಗಬಾರದು, ಅಷ್ಟು. ಮತ್ತೆ ಆ ಹತ್ತು ಸಾವಿರ ಹೆಜ್ಜೆ ಅಂತ ಚಿಂತೆ ಮಾಡಬೇಡ. ಅದು 1965ರ ಸುಮಾರಿಗೆ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರು, ಡಾಕ್ಟರು ಕೊಟ್ಟ ಲೆಕ್ಕ ಅಲ್ಲ.

ಆದರೆ ಮೊದಲ ದಿನವೇ 45 ನಿಮಿಷ ಬೇಡ. ಜಿಮ್ಮಿನಲ್ಲಿ ಆದದ್ದೂ ಅದೇ ಇರಬೇಕು. ಮೊದಲ ದಿನವೇ ಒಂದು ಗಂಟೆ ಮಾಡಿಸಿದರು, ಮಾರನೇ ದಿನ ಮೆಟ್ಟಿಲು ಇಳಿಯಲು ಆಗಲಿಲ್ಲ ಅಂತ ನೀನೇ ಹೇಳಿದ್ದೀ. ಮೊದಲ ವಾರ ಹತ್ತು ನಿಮಿಷ ನಡೆ, ಉಳಿದ ಹೊತ್ತು ಕಾರಿನಲ್ಲಿ ಕೂರು. ಧೈರ್ಯವಾಗಿ ಕೂರು. ಶೂ ಮಾತ್ರ ಮನೆಯಲ್ಲಿ ಇಡಬೇಡ, ಕಾರಿನಲ್ಲೇ ಇರಲಿ, ನಿನ್ನ ಸೀಟಿನ ಹಿಂದೆ.

ಮಳೆ ಅಂತೀಯಾ? ಗೊತ್ತು. ಇಲ್ಲೂ ನಿನ್ನೆಯಿಂದ ಒಂದೇ ಸಮನೆ ಹೊಯ್ಯುತ್ತಿದೆ, ಹಿಂದೆ ಸದ್ದು ಕೇಳುತ್ತಿರಬಹುದು. ನಮ್ಮ ಕಡೆ ಜೂನಿನಿಂದ ಸೆಪ್ಟೆಂಬರ್ ವರೆಗೆ ಮಳೆ ನಿಲ್ಲಲಿ ಅಂತ ಕಾದರೆ ವರ್ಷದ ಮೂರನೇ ಒಂದು ಪಾಲು ಹೋಯಿತು. ಸಣ್ಣ ಮಳೆಗೆ ಕೊಡೆ ಹಿಡಿದು ನಡೆ. ಮುರಕಲ್ಲಿನ ಮೆಟ್ಟಿಲು, ಹಾವಸೆ ಹಿಡಿದ ಜಾಗಕ್ಕೆ ಮಾತ್ರ ಹೋಗಬೇಡ, ಅಲ್ಲಿ ಜಾರಿದರೆ ಕೈ ಮುರಿಯುತ್ತದೆ. ಶೂ ಒದ್ದೆಯಾದರೆ ಒಳಗೆ ಪೇಪರು ತುರುಕಿ ಫ್ಯಾನಿನ ಕೆಳಗೆ ಇಡು, ಬೆಳಿಗ್ಗೆಗೆ ಒಣಗುತ್ತದೆ. ಧೋ ಅಂತ ಸುರಿಯುವ ದಿನ ಕ್ಲಾಸಿನ ಕಟ್ಟಡದ ಮೆಟ್ಟಿಲೇ ಸಾಕು. ನಿಧಾನಕ್ಕೆ ಹತ್ತು, ಕಂಬಿ ಹಿಡಿದು ಇಳಿ. ಎದೆ ಹಿಡಿದ ಹಾಗೆ ಆದರೆ, ತಲೆ ತಿರುಗಿದರೆ ಅಲ್ಲೇ ನಿಲ್ಲಿಸಿ ಡಾಕ್ಟರಿಗೆ ಹೇಳಬೇಕು, ಅದು ಬೇರೆ ವಿಷಯ.

ವಾರಕ್ಕೆ ಎರಡು ದಿನ ಮಾಂಸಖಂಡಕ್ಕೂ ಕೆಲಸ ಬೇಕು. ಅನ್ನ ಬೇಯುವಾಗ ಅಡುಗೆ ಕಟ್ಟೆಗೆ ಎರಡು ಕೈ ಊರಿ ಮೈ ತಗ್ಗಿಸಿ ಎತ್ತು, ಹತ್ತು ಸಲ. ಕುರ್ಚಿಯಿಂದ ಕೈ ಊರದೆ ಎದ್ದು ಕೂರು, ಹತ್ತು ಸಲ. ಇದನ್ನು ಅಜ್ಜಿಯೂ ಮಾಡುತ್ತಾರೆ, 81ನೇ ವಯಸ್ಸಿನಲ್ಲಿ. ಆದರೆ ಇದು ಆಮೇಲೆ, ನಡಿಗೆ ರೂಢಿಯಾದ ಮೇಲೆ.

ಒಂದು ದಿನ ತಪ್ಪಿದರೆ ಏನು ಮಾಡುವುದು ಅಂತ ನಿನಗೆ ಬರುತ್ತದೆ ನೋಡು, ಒಂಬತ್ತು ದಿನಕ್ಕೆ ಜಿಮ್ಮು ಬಿಟ್ಟವರಿಗೆ ಅದೇ ಹೆದರಿಕೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ 96 ಜನರನ್ನು 12 ವಾರ ನೋಡಿದ ಅಧ್ಯಯನ ಒಂದು ಉಂಟು. ದಿನಾ ಆಗುವ ಒಂದು ಕೆಲಸದ ಬೆನ್ನಿಗೆ ಹೊಸದೊಂದನ್ನು ಸೇರಿಸಿಕೊಳ್ಳಿ ಅಂದಿದ್ದರು. ಅದು ತನ್ನಷ್ಟಕ್ಕೆ ಆಗುವ ಹಾಗೆ ಆಗಲು ಸುಮಾರು 66 ದಿನ ಹಿಡಿಯಿತು. ಕೆಲವರಿಗೆ 18 ದಿನ, ಕೆಲವರ ಲೆಕ್ಕ 254 ದಿನದ ವರೆಗೂ ಹೋಯಿತು. ನೀರು ಕುಡಿಯುವಂಥದ್ದು ಬೇಗ ಕೂತಿತು, ವ್ಯಾಯಾಮ ನಿಧಾನ. ನಡುವೆ ಒಂದು ದಿನ ತಪ್ಪಿದ್ದರಿಂದ ಏನೂ ಕೆಡಲಿಲ್ಲ. ಚಿನ್ನುವಿಗೆ ಜ್ವರ ಬರುತ್ತದೆ, ಕ್ಲಾಸಿಗೆ ರಜೆ ಇರುತ್ತದೆ. ಮುಂದಿನ ಕ್ಲಾಸು ಬರುತ್ತದಲ್ಲ, ಅವತ್ತು ಇಳಿದು ನಡೆ.

ಮತ್ತೆ ಆ ರಕ್ತ ಪರೀಕ್ಷೆ ಒಂದು ತಿಂಗಳಿಗೇ ಹೋಗಿ ಮಾಡಿಸಬೇಡ. ಎಚ್‌ಬಿಎ1ಸಿ ತೋರಿಸುವುದು ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಅದಕ್ಕೆ ಅಂಟಿದ ಸಕ್ಕರೆಯನ್ನು ನಾವು ಅಳೆಯುವುದು. ಬೇಗ ಮಾಡಿಸಿದರೆ ಹಳೆಯ ಲೆಕ್ಕವೇ ಬಂದು ನೀನು ಸುಮ್ನೆ ಕುಗ್ಗುತ್ತೀ. ಎಷ್ಟೋ ಜನ ಹಾಗೆ ಕುಗ್ಗಿ ಬಿಟ್ಟುಬಿಟ್ಟದ್ದನ್ನು ನೋಡಿ ಹೊಟ್ಟೆ ಉರಿದಿದೆ ನನಗೆ. ಮೂರು ತಿಂಗಳು ಆಗಲಿ. ರಿಪೋರ್ಟು ಮೊದಲು ನನಗೆ ಕಳಿಸು.

ಇವತ್ತು ಶನಿವಾರ. ನಾಡಿದ್ದು ಸೋಮವಾರ ಚಿನ್ನುವನ್ನು ಒಳಗೆ ಬಿಟ್ಟ ಕೂಡಲೇ ನನಗೆ ಫೋನ್ ಮಾಡು. ನಾನೂ ಆ ಹೊತ್ತಿಗೆ ಕೊಡೆ ಹಿಡಿದು ಹೊರಡುತ್ತೇನೆ, ನೀನು ಕದ್ರಿಯಲ್ಲಿ, ನಾನು ಅಜ್ಜರಕಾಡಿನಲ್ಲಿ. ಹತ್ತು ನಿಮಿಷ ಮಾತಾಡುತ್ತಾ ನಡೆಯೋಣ. ಪತ್ರೊಡೆ ಮಾಡುವುದು ಹೇಗೆ ಅಂತ ಕೇಳಿದ್ದೀ ಅಲ್ವಾ, ಅದನ್ನು ಆಗಲೇ ಹೇಳುತ್ತೇನೆ. ಇಡುತ್ತೇನೆ ಪುಟ್ಟೀ, ಅಜ್ಜಿ ಚಾ ಕೇಳುತ್ತಿದ್ದಾರೆ.