ಇಡ್ಲಿಗೆ ಕೈಕಾಲು ಬಂದ ಕಥೆ

ಅಮ್ಮ ಪನೀರ್ ಮಾಡಲು ಹೊರಟಿದ್ದೇ ಎಲ್ಲದಕ್ಕೂ ಮೂಲ. ಒಡೆದ ಹಾಲನ್ನು ಬಟ್ಟೆಯಲ್ಲಿ ಕಟ್ಟಿದ ಮೇಲೆ ಹೇರುವುದಕ್ಕೆ ಏನಾದರೂ ಭಾರದ್ದು ಬೇಕಿತ್ತು. ಗುಂಡುಕಲ್ಲು ಊರಲ್ಲೇ ಉಳಿದಿದೆ. ಕಪಾಟಿನಲ್ಲಿ ಕೈಗೆ ಸಿಕ್ಕಿದ್ದು ನನ್ನ 'ಬೋನ್', 1,300 ಪುಟಕ್ಕೂ ಮಿಕ್ಕಿದ ಒಂದೇ ಸಂಪುಟ. ಭಾನುವಾರ ಸಂಜೆ ಗೆಳೆಯರು ಬರುವ ಹೊತ್ತಿಗೆ ಅದು ಅಡುಗೆಮನೆ ಕಟ್ಟೆಯ ಮೇಲೆ ಪ್ಲಾಸ್ಟಿಕ್ ಕವರ್ ಹೊದ್ದುಕೊಂಡು ಕೂತಿತ್ತು. ಕೆಳಗಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ನಿಘಂಟಾ?" ಅಂದ ಮಂಜ.

"ಕಾಮಿಕ್ಸು."

"ಇಷ್ಟು ದಪ್ಪ ಕಾಮಿಕ್ಸಾ? ಮಕ್ಕಳು ಓದೋಕಾ, ಎತ್ತೋಕಾ?"

ಮಂಜನ ಪರಿಚಯ ಸ್ವಲ್ಪ ಹೇಳಬೇಕು. ನಮ್ಮ ಗುಂಪಿನಲ್ಲಿ ಲಾಭದ ಕನಸು ಕಾಣುವ ಇಲಾಖೆ ಅವನದು. ಎಮು ಸಾಕಣೆಯ ಹುಚ್ಚು ಎದ್ದಿದ್ದ ಕಾಲದಲ್ಲಿ ನಮ್ಮಿಂದಲೂ ತಲಾ ಇಷ್ಟು ಅಂತ ಹಾಕಿಸಿ, ಕೊನೆಗೆ ಉಳಿದ ಎರಡು ಎಮುಗಳನ್ನು ಯಾರಿಗೆ ದಾನ ಮಾಡುವುದು ಅಂತ ಊರೂರು ಅಲೆದವನು. ಈಗಲೂ ಎಣ್ಣೆ, ಚರ್ಮ, ಗರಿ ಎಲ್ಲಕ್ಕೂ ರೇಟ್ ಇತ್ತು ಮಾರಾಯಾ ಅಂತ ನಿಟ್ಟುಸಿರು ಬಿಡುತ್ತಾನೆ.

ಪುಸ್ತಕ ಬಿಡಿಸಿ ಒರೆಸಿ ಜಗುಲಿಗೆ ತಂದೆ. ಶ್ರೀಪಾದ ಧಾರವಾಡದವನು, ಕನ್ನಡಕ ಹಣೆಗೇರಿಸಿ ಮೊದಲ ಪುಟ ನೋಡಿದ. "ಇದೇನಪಾ, ಇಡ್ಲಿಗೆ ಕೈಕಾಲು ಬಂದಾವಲ್ಲೋ!"

ಹೌದು, ಬಂದಿವೆ. ಇದಕ್ಕಿಂತ ಸರಿಯಾದ ವರ್ಣನೆ ನಾನು ಎಲ್ಲೂ ಕೇಳಿಲ್ಲ. ಬೆಳ್ಳಗೆ, ಮೆತ್ತಗೆ, ದೊಡ್ಡ ಗುಂಡು ಮೂಗು, ಕೂದಲಿಲ್ಲ, ಕಿವಿಯಿಲ್ಲ. ಮೂವರು ದಾಯಾದಿಗಳು. ಫೋನ್ ಬೋನ್ ಸಂಭಾವಿತ, ಬೆನ್ನ ಚೀಲದಲ್ಲಿ 'ಮೋಬಿ ಡಿಕ್' ಹೊತ್ತು ತಿರುಗುತ್ತಾನೆ, ಅದನ್ನು ಓದಿ ಹೇಳಲು ಶುರು ಮಾಡಿದರೆ ಎದುರಿಗಿದ್ದವರು ಅಲ್ಲೇ ಗೊರಕೆ. ಸ್ಮೈಲಿ ಉದ್ದಕ್ಕಿದ್ದಾನೆ, ಬಾಯಲ್ಲಿ ಚುಟ್ಟ, ತಲೆಯಲ್ಲಿ ಗಾಳಿ. ಮೂರನೆಯವನು ಫೋನಿ ಬೋನ್. ಎದೆ ಮೇಲೆ ನಕ್ಷತ್ರದ ಅಂಗಿ, ಹುಬ್ಬು ಸದಾ ಗಂಟು, ಯೋಚನೆಯೆಲ್ಲ ದುಡ್ಡಿನದೇ.

"ಇವನು ನಮ್ಮ ಮಂಜ," ಅಂದಳು ವೀಣಾ. ಅವಳು ಲೆಕ್ಕ ಪರಿಶೋಧಕಿ, ಇಂಥ ತೀರ್ಪು ಕೊಡಲು ಅವಳಿಗೆ ಎರಡು ಸೆಕೆಂಡ್ ಸಾಕು.

"ಆದ್ರ ಇವರು ಏನು?" ಶ್ರೀಪಾದ ಬಿಡಲಿಲ್ಲ. "ಪ್ರಾಣಿಯೋ, ದೆವ್ವವೋ, ನಿಜವಾಗ್ಲೂ ಎಲುಬೋ?"

"ಬೋನ್‌ಗಳು."

"ಅಂದ್ರ?"

"ಅಂದ್ರೆ ಬೋನ್‌ಗಳು. ಬೋನ್‌ವಿಲ್ ಅನ್ನೋ ಊರಿನವರು. ಕಣಿವೆಯ ಜನ ಇವರನ್ನ ನೋಡಿ ಸ್ವಲ್ಪ ಕಣ್ಣುಜ್ಜಿಕೊಳ್ತಾರೆ, ಆಮೇಲೆ ಕೆಲಸ ಕೊಡ್ತಾರೆ. ಇಡೀ ಪುಸ್ತಕದಲ್ಲಿ ಇದಕ್ಕಿಂತ ಹೆಚ್ಚು ವಿವರಣೆ ಇಲ್ಲ."

ನನಗೆ ಈ ಕಥೆಯಲ್ಲಿ ಅತ್ಯಂತ ಇಷ್ಟ ಇದೇ. ಹೊಸ ಲೋಕ ಕಟ್ಟುವವರಿಗೆ ಒಂದು ಕಾಯಿಲೆ ಇರುತ್ತದೆ. ಮೊದಲ ನಲವತ್ತು ಪುಟ ವಂಶಾವಳಿ, ನಕ್ಷೆ, ಮೂರು ಯುಗಗಳ ಇತಿಹಾಸ. ಇಲ್ಲೂ ನಕ್ಷೆ ಇದೆ, ಆದರೆ ಅದು ಮಗು ಕ್ರೆಯಾನ್‌ನಲ್ಲಿ ಗೀಚಿದ್ದು, ಸ್ಮೈಲಿಗೆ ಮರುಭೂಮಿಯಲ್ಲಿ ಬಿದ್ದು ಸಿಕ್ಕಿದ್ದು.

"ಯಾವ ಮಗು ಗೀಚಿದ್ದು?" ಅಂದ ರವಿ.

"ಅದು—"

"ಹೇಳಬೇಡ!" ವೀಣಾ ಕೂಗಿದಳು. "ನಾನಿನ್ನೂ ನಾಲ್ಕನೇ ಭಾಗದಲ್ಲಿದ್ದೀನಿ."

ಇಲ್ಲಿಂದ ಮುಂದೆ ಹರಟೆಗೆ ನಿಯಮ ಬಂತು. ಒಂಬತ್ತು ಭಾಗಗಳಲ್ಲಿ ಮೊದಲ ನಾಲ್ಕನ್ನು ಮಾತ್ರ ಮಾತಾಡಬಹುದು. ತಪ್ಪಿದವರಿಗೆ ಬಜ್ಜಿ ಇಲ್ಲ.

"ಊರು ಬಿಟ್ಟು ಯಾಕೆ ಬಂದ್ರು ಅದಾದ್ರೂ ಹೇಳು," ಅಂದ ಮಂಜ. ದಾಯಾದಿಯ ಮೇಲೆ ಆಗಲೇ ಮಮತೆ ಹುಟ್ಟಿತ್ತು.

ಹೇಳಿದೆ. ಫೋನಿ ಮೇಯರ್ ಆಗಲು ಹೊರಟಿದ್ದ. ಪ್ರಚಾರಕ್ಕೆ ಊರೂಟ ಹಾಕಿಸಿದ, ಕೆಟ್ಟ ಪ್ರೂನ್ ಹಣ್ಣು ತಿಂದು ಜನರ ಹೊಟ್ಟೆ ಕೆಟ್ಟಿತು. ಅವನದೇ ಆಕಾರದ ದೈತ್ಯ ಬಲೂನು ಹಗ್ಗ ಕಿತ್ತುಕೊಂಡು ಹಾರಿ ಹೋಯಿತು. ಊರವರು ಅಟ್ಟಿಸಿಕೊಂಡು ಬಂದರು.

"ಊಟ ಹಾಕಿ ಸೋತವನೂ ಇದ್ದಾನಲ್ಲ," ಅಂದಳು ವೀಣಾ. "ನಮ್ಮ ಕಡೆ ಹೊಟ್ಟೆ ಕೆಟ್ಟರೂ ಗೆಲ್ತಾರೆ."

ಮರುಭೂಮಿಯಲ್ಲಿ ಮಿಡತೆ ಹಿಂಡು ಬಂದು ಮೂವರೂ ದಿಕ್ಕುಪಾಲು. ಫೋನ್ ಬೋನ್ ಒಬ್ಬನೇ ಒಂದು ಕಣಿವೆಗೆ ಬೀಳುತ್ತಾನೆ. ಚಳಿಗಾಲ ಬರುತ್ತಿದೆ ಅಂತ ಟೆಡ್ ಅನ್ನುವ ಎಲೆಯಂಥ ಹುಳ ಹೇಳಿರುತ್ತದೆ. ಬಂತು. ಹಿಮ ಹಗುರವಾಗಿ, ಹತ್ತಿಯಂತೆ ಉದುರಲಿಲ್ಲ. ಆಕಾಶದಲ್ಲಿದ್ದದ್ದು ಇದ್ದ ಹಾಗೇ ಒಂದೇ ಗಂಟಾಗಿ, ಧೊಪ್! ಒಂದು ಚೌಕದಲ್ಲಿ ಬೋಳು ಕಾಡು, ಮುಂದಿನದರಲ್ಲಿ ಎಲ್ಲ ಬಿಳಿ.

ರವಿ ಆ ಪುಟವನ್ನು ಮೂರು ಸಲ ಹಿಂದೆ ಮುಂದೆ ಮಾಡಿದ. ಅವನ ಊರು ಪುತ್ತೂರು. "ನಮ್ಮಲ್ಲಿ ಜೂನ್ ತಿಂಗಳ ಮಳೆ ಹೀಗೇ ಬರುವುದು ಮಾರಾಯ. ಇವನೆಂತ ನಮ್ಮ ಕಡೆಯವನಾ?"

ಅಲ್ಲ. ಇದನ್ನು ಬರೆದು ಬಿಡಿಸಿದ ಜೆಫ್ ಸ್ಮಿತ್ ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್ ಊರಿನವನು. ಐದು ವರ್ಷದವನಿದ್ದಾಗ ಗೀಚಿದ ಗೊಂಬೆಯೇ ಬೋನ್. ಕಾಲೇಜಿನಲ್ಲಿ ವಿದ್ಯಾರ್ಥಿ ಪತ್ರಿಕೆಗೆ 'ಥಾರ್ನ್' ಅಂತ ಸ್ಟ್ರಿಪ್ ಬರೆದ. ಆಮೇಲೆ ಗೆಳೆಯರ ಜೊತೆ ಅನಿಮೇಷನ್ ಸ್ಟುಡಿಯೋ ನಡೆಸಿದ. ಧೊಪ್ ಅನ್ನುವ ಆ ಪುಟದ ಸಮಯಪ್ರಜ್ಞೆ ಅಲ್ಲಿಂದ ಬಂದದ್ದು. ಎಷ್ಟು ಚೌಕ ಸುಮ್ಮನಿರಬೇಕು, ಯಾವ ಚೌಕದಲ್ಲಿ ಬೀಳಿಸಬೇಕು ಅನ್ನುವುದು ಅವನ ಬೆರಳಿನಲ್ಲೇ ಇದೆ. 1991ರಲ್ಲಿ ಕಾರ್ಟೂನ್ ಬುಕ್ಸ್ ಅಂತ ಹೆಸರಿಟ್ಟು ತನ್ನದೇ ಪ್ರಕಾಶನ ಶುರು ಮಾಡಿ ಮೊದಲ ಸಂಚಿಕೆ ಬಿಟ್ಟ. ಕೊನೆಯ ಸಂಚಿಕೆ 2004ರಲ್ಲಿ. ಒಟ್ಟು 55.

ವೀಣಾ ಕಣ್ಣು ಮುಚ್ಚಿ ಭಾಗಾಕಾರ ಮಾಡಿದಳು. "ಹದಿಮೂರು ವರ್ಷ. ಹೆಚ್ಚು ಕಡಿಮೆ ಮೂರು ತಿಂಗಳಿಗೊಂದು. ಕ್ಯಾಶ್ ಫ್ಲೋ ಯಾರು ನೋಡಿಕೊಂಡ್ರು?"

"ಅವನ ಹೆಂಡತಿ. ವಿಜಯಾ ಅಯ್ಯರ್."

ಜಗುಲಿ ಒಂದು ಕ್ಷಣ ನಿಶ್ಶಬ್ದವಾಯಿತು. ಒಳಗಿನಿಂದ ಅಮ್ಮ, "ಯಾರು?" ಅಂದರು.

"ವಿಜಯಾ ಅಯ್ಯರ್, ಅಮ್ಮಾ. ಇದ್ದ ಕೆಲಸ ಬಿಟ್ಟು ಗಂಡನ ಕಾಮಿಕ್ಸ್ ವ್ಯವಹಾರಕ್ಕೆ ನಿಂತವರು."

"ಮತ್ತೆ! ಅದಕ್ಕೇ ಉದ್ಧಾರ ಆಗಿದೆ," ಅಂದು ಅಮ್ಮ ಬಜ್ಜಿ ಕಡೆ ತಿರುಗಿದರು. ನೋಡಿ, ಮೂರು ಡ್ರ್ಯಾಗನ್ ಬಂದರೂ ಅಲುಗದ ಅಮ್ಮ ಒಂದು ಅಡ್ಡಹೆಸರಿಗೆ ಪುಸ್ತಕವನ್ನು ಒಪ್ಪಿಕೊಂಡುಬಿಟ್ಟರು. ಇನ್ನು ಪನೀರ್‌ಗೆ ಅದನ್ನು ಹೇರುವುದಿಲ್ಲ ಅಂತ ನನಗೆ ಆಗಲೇ ಧೈರ್ಯ ಬಂತು.

ವೀಣಾ ಮಾತ್ರ ಇದನ್ನು ವೃತ್ತಿಯ ಗೌರವವಾಗಿ ತೆಗೆದುಕೊಂಡಳು. "ನೀವೆಲ್ಲಾ ಚಿತ್ರ, ಕಲ್ಪನೆ ಅಂತೀರಿ. ಪ್ರಿಂಟರ್‌ಗೆ ದುಡ್ಡು ಕೊಡೋದು, ವಿತರಕರಿಂದ ವಸೂಲಿ ಮಾಡೋದು, ಹಳೇ ಸಂಚಿಕೆಗಳನ್ನ ಒಟ್ಟು ಮಾಡಿ ಪುಸ್ತಕ ತಂದು ಮತ್ತೆ ಮಾರೋದು, ಇದು ಯಾರೂ ಬಿಡಿಸದ ಚಿತ್ರ. ಸ್ವತಂತ್ರ ಪ್ರಕಾಶನ ಅಂದ್ರೆ ಗಂಡ ಇಂಕಿನಲ್ಲಿ, ಹೆಂಡತಿ ಇನ್‌ವಾಯ್ಸ್‌ನಲ್ಲಿ."

"ಪ್ರಶಸ್ತಿ ಗಿಶಸ್ತಿ ಬಂದಾವೇನು?"

"ಹತ್ತು ಐಸ್ನರ್, ಹನ್ನೊಂದು ಹಾರ್ವಿ."

"ಭಾಳ ಆತು," ಅಂದ ಶ್ರೀಪಾದ. ಅವನ ಕವನಸಂಕಲನಕ್ಕೆ ತಾಲೂಕು ಮಟ್ಟದಲ್ಲೊಂದು ಶಾಲು ಬಂದಿದೆ, ವಿಷಯ ಬದಲಿಸಿದೆವು.

ಅಷ್ಟರಲ್ಲಿ ಮಂಜ ಹಸುಗಳ ಓಟದ ಭಾಗಕ್ಕೆ ಬಂದಿದ್ದ. ಮುಖದಲ್ಲಿ ಕಳೆ. ಫೋನಿ ಆ ಕಣಿವೆಗೆ ಬಂದಾಗ ಅವನಿಗೆ ಆದ ದೊಡ್ಡ ಆಘಾತ ರಾಕ್ಷಸರಲ್ಲ, ಅಲ್ಲಿ ದುಡ್ಡೇ ನಡೆಯುವುದಿಲ್ಲ ಅನ್ನುವುದು. ಬ್ಯಾರಲ್‌ಹೇವನ್ ಅನ್ನುವ ಹಳ್ಳಿಯಲ್ಲಿ ಲೂಷಿಯಸ್ ಅನ್ನುವವನ ಹೋಟೆಲಿನಲ್ಲಿ ಗಿರಾಕಿಗಳು ಮೊಟ್ಟೆ, ಕೋಳಿ ಕೊಟ್ಟು ಕುಡಿಯುತ್ತಾರೆ. ವಸಂತದ ಜಾತ್ರೆಯಲ್ಲಿ ಹಸುಗಳ ಓಟ. ಅದರಲ್ಲಿ ಪ್ರತಿ ವರ್ಷ ಗೆಲ್ಲುವವರು ಗ್ರಾನ್‌ಮಾ ಬೆನ್ ಅನ್ನುವ ಮುದುಕಿ.

"ಅಜ್ಜಿಯ ಹಸುವಾ?" ಅಂದ ರವಿ.

"ಹಸು ಅಲ್ಲ. ಅಜ್ಜಿಯೇ. ಅಜ್ಜಿ ಕಾಲಲ್ಲಿ ಓಡ್ತಾರೆ, ಹಸುಗಳ ಎದುರಿಗೆ."

ರವಿ ಬಜ್ಜಿ ಕೆಳಗಿಟ್ಟ. ಕಂಬಳದ ಮನೆತನ ಅವನದು, ಇಂಥ ವಿಷಯದಲ್ಲಿ ತಮಾಷೆ ಇಲ್ಲ. "ನೋಡು, ನಮ್ಮಲ್ಲಿ ಕೋಣ ಎರಡು, ಓಡಿಸುವವನು ಹಿಂದೆ. ಹಲಗೆ ಉಂಟು, ಹಗ್ಗ ಉಂಟು, ನೇಗಿಲು ಉಂಟು, ಎಲ್ಲದಕ್ಕೂ ಬೇರೆ ಬೇರೆ ವಿಭಾಗ. ಅಜ್ಜಿ ಯಾವ ವಿಭಾಗ?"

"ಅಜ್ಜಿ ವಿಭಾಗ."

"ಕೆಸರುಗದ್ದೆಯಾ?"

"ಒಣನೆಲ."

"ಹಾಗಾದ್ರೆ ಆಗ್ಲಿ," ಅಂದು ಬಜ್ಜಿ ಎತ್ತಿಕೊಂಡ.

ಫೋನಿಯ ಯೋಜನೆ ಹೀಗೆ. ಅಜ್ಜಿಗೆ ವಯಸ್ಸಾಯ್ತು, ಕೈಲಾಗಲ್ಲ ಅಂತ ಗುಸುಗುಸು ಹಬ್ಬಿಸುವುದು. ಬೇಲಿಯೊಳಗೆ ಒಂದು ನಿಗೂಢ ಹಸು ಇದೆ, ಮಹಾ ಭಯಂಕರ ಓಟದ್ದು ಅಂತ ಜನರಿಂದ ಬಾಜಿ ಕಟ್ಟಿಸಿಕೊಳ್ಳುವುದು. ಹಸು ಸೋಲುವುದು, ಕಟ್ಟಿದ್ದೆಲ್ಲ ಫೋನಿಗೆ. ಹಸು ಸೋಲುವುದು ಹೇಗೆ ಖಚಿತ? ಅದು ಹಸುವೇ ಅಲ್ಲ, ಹಸುವಿನ ವೇಷ ಹಾಕಿದ ಸ್ಮೈಲಿ.

ಮಂಜ ಪುಟದ ಮೇಲೆ ಬೆರಳಿಟ್ಟ. "ಇಲ್ಲಿ ನೋಡು. ಹಸು ತೋರಿಸೋದೇ ಇಲ್ಲ. ಶಬ್ದ ಮಾತ್ರ ಕೇಳಿಸ್ತಾನೆ. ಜನ ಮೊಟ್ಟೆ ಬುಟ್ಟಿ ಹಿಡ್ಕೊಂಡು ಓಡಿ ಬರ್ತಾರೆ. ಇದು ಮಾರ್ಕೆಟಿಂಗ್! ನಾವು ಎಮು ತೋರಿಸಬಾರದಿತ್ತು."

"ನಾವು?" ಅಂದಳು ವೀಣಾ.

ಓಟದ ದಿನ ಏನಾಗುತ್ತದೆ ಅಂದರೆ, ಫೋನ್ ಬೋನ್‌ನನ್ನು ಅಟ್ಟಿಸಿಕೊಂಡು ರ‍್ಯಾಟ್ ಕ್ರೀಚರ್‌ಗಳು ಅಡ್ಡ ನುಗ್ಗುತ್ತವೆ, ಹಸುಗಳು ಬೆದರಿ ಎತ್ತೆಂದರತ್ತ. ಲಾಭದ ಕಥೆ ಬಿಡಿ, ಫೋನಿ ಸ್ಮೈಲಿ ಇಬ್ಬರೂ ಸಾಲ ತೀರಿಸಲು ಲೂಷಿಯಸ್‌ನ ಹೋಟೆಲಿನಲ್ಲಿ ದುಡಿಯಬೇಕಾಗುತ್ತದೆ. ಮಂಜ ಆ ಪುಟವನ್ನು ಸರಸರ ತಿರುವಿದ.

ರ‍್ಯಾಟ್ ಕ್ರೀಚರ್‌ಗಳ ವಿಷಯ ಬಂದಾಗ ಅಮ್ಮನೂ ಸೆರಗಿಗೆ ಕೈ ಒರೆಸುತ್ತಾ ಬಂದು ಕೂತರು. ದೊಡ್ಡ ಗಾತ್ರದ, ಕೆಂಪು ಕಣ್ಣಿನ, ಬಾಯಿತುಂಬ ಹಲ್ಲಿನ ರೋಮಶ ರಾಕ್ಷಸರು. ಇಬ್ಬರು ಸದಾ ಜೋಡಿ. ಒಬ್ಬನಿಗೆ ಫೋನ್ ಬೋನ್‌ನನ್ನು ಹಾಕಿ ಕೀಶ್ ಮಾಡಬೇಕು ಅಂತ ಆಸೆ. ಕೀಶ್ ಅಂದರೆ ಮೊಟ್ಟೆ ತುಂಬಿ ಬೇಯಿಸುವ ಫ್ರೆಂಚರ ನಾಜೂಕು ತಿಂಡಿ. ಇನ್ನೊಬ್ಬನಿಗೆ ಅದು ರಾಕ್ಷಸ ಕುಲಕ್ಕೇ ಅವಮಾನ. ಹಸಿಯಾಗಿ ತಿನ್ನಬೇಕು ಅಂತ ಅವನು, ಹಿಟ್ಟು ಲಟ್ಟಿಸಬೇಕು ಅಂತ ಇವನು. ಜಗಳ ಮುಗಿಯುವುದರೊಳಗೆ ಊಟ ಓಡಿಹೋಗಿರುತ್ತದೆ.

"ಘಟೋತ್ಕಚನಿಗೆ ಖಾಂಡ್ವಿ ಬೇಕಿತ್ತಂತ ಅಂದ್ಹಂಗಾತು," ಅಂದ ಶ್ರೀಪಾದ.

ಮೊದಲ ಸಂಚಿಕೆಯಲ್ಲೇ ಅವರ ಬುದ್ಧಿಮಟ್ಟ ಗೊತ್ತಾಗುತ್ತದೆ. ಫೋನ್ ಬೋನ್ ಪ್ರಪಾತದಂಚಿನ ಒಂದು ಸಣ್ಣ ಕೊಂಬೆಗೆ ಜೋತು ಬಿದ್ದಿದ್ದಾನೆ. ಇಷ್ಟು ತೆಳ್ಳಗಿನ ಕೊಂಬೆಗೆ ಹಾರಲು ಅವು ಎಷ್ಟು ದಡ್ಡ ಇರಬೇಕು ಅಂತ ತನ್ನಷ್ಟಕ್ಕೆ ಸಮಾಧಾನ ಹೇಳಿಕೊಳ್ಳುತ್ತಾನೆ. ಮುಂದಿನ ಚೌಕದಲ್ಲಿ ಎರಡೂ ಕೊಂಬೆಯ ಮೇಲೆ. ಅಮ್ಮ ಬಾಯಿಗೆ ಸೆರಗಿಟ್ಟು ನಕ್ಕಿದ್ದು ನಾನು ವರ್ಷಗಟ್ಟಲೆ ನೋಡಿರಲಿಲ್ಲ.

"ಈ ಪುಸ್ತಕ ಬೇಡ ಅಂತ ದೂರು ಕೊಟ್ಟವರೂ ಇದ್ದಾರೆ ಗೊತ್ತಾ," ಅಂದೆ. 2013ನೇ ಸಾಲಿಗೆ ಅಮೆರಿಕದ ಗ್ರಂಥಾಲಯ ಸಂಘ, ಓದುಗರು ಹೆಚ್ಚು ಆಕ್ಷೇಪಿಸಿದ ಪುಸ್ತಕಗಳ ಪಟ್ಟಿ ಬಿಟ್ಟಾಗ ಹತ್ತರಲ್ಲಿ ಇದೂ ಇತ್ತು. ಕೊಟ್ಟ ಕಾರಣಗಳಲ್ಲಿ ಒಂದು, ರಾಜಕೀಯ ನಿಲುವು.

ಐದೂ ಜನ ಪುಸ್ತಕದ ಮೇಲೆ ಬಾಗಿ ರಾಜಕೀಯ ನಿಲುವು ಹುಡುಕಿದೆವು. ಅಜ್ಜಿ ಓಡುತ್ತಿದ್ದಳು. ಹಸು ಓಡುತ್ತಿತ್ತು. ಸ್ಮೈಲಿ ಚುಟ್ಟ ಸೇದುತ್ತಿದ್ದ. "ಮೇಯರ್ ಚುನಾವಣೆ ಇತ್ತಲ್ಲ, ಅದೇ ಇರಬೇಕು," ಅಂದ ರವಿ. "ಪ್ರೂನ್ ಬೆಳೆಗಾರರ ಸಂಘದವರು ದೂರು ಕೊಟ್ಟಿರ್ತಾರೆ," ಅಂದ ಮಂಜ.

ನನ್ನದು ಕಪ್ಪು ಬಿಳುಪು ಪ್ರತಿ. 2005ರಿಂದ ಸ್ಕಾಲಾಸ್ಟಿಕ್‌ನವರು ಬಣ್ಣ ತುಂಬಿಸಿ ಮಕ್ಕಳಿಗಾಗಿ ತಂದರು, ಬಣ್ಣ ಸ್ಟೀವ್ ಹಾಮೇಕರ್‌ದು. ವೀಣಾ ಓದುತ್ತಿರುವುದು ಅದನ್ನು. ಇಲ್ಲಿ ದೊಡ್ಡ ಜಗಳ ಎದ್ದಿತು. 2014ರಲ್ಲಿ 'ಕಸ್ತೂರಿ ನಿವಾಸ'ಕ್ಕೆ ಬಣ್ಣ ಹಾಕಿ ಬಿಟ್ಟಾಗ ಥಿಯೇಟರಿಗೆ ಹೋಗಿ ಅತ್ತು ಬಂದವನು ರವಿ, ಹೋಗದೆ ಮನೆಯಲ್ಲೇ ಅತ್ತವನು ಶ್ರೀಪಾದ. ಅವೇ ಎರಡು ಪಕ್ಷ ಇಲ್ಲೂ ಆದವು. ನಾನು ಶ್ರೀಪಾದನ ಕಡೆ. ಕಾಡು, ಬಂಡೆ, ಥಾರ್ನ್ ಅನ್ನುವ ಹುಡುಗಿಯ ಮುಖ, ಅಜ್ಜಿಯ ಗದ್ದ, ಎಲ್ಲ ಕುಂಚದ ದಪ್ಪ ಗೆರೆಗಳಲ್ಲಿ ತುಂಬಿವೆ. ಅದರ ನಡುವೆ ಬೋನ್‌ಗಳು ಮಾತ್ರ ಖಾಲಿ ಕಾಗದ. ರಾತ್ರಿಯ ಪುಟಗಳಲ್ಲಿ ಸುತ್ತ ಇಂಕು ಕವಿದಿರುವಾಗ ಆ ಬಿಳಿ ಇಡ್ಲಿಯೊಂದು ಹೆದರಿ ನಿಂತಿದ್ದರೆ ಅಯ್ಯೋ ಅನಿಸುತ್ತದೆ. ಕಥೆ ಕ್ರಮೇಣ ಯುದ್ಧದ ಕಡೆ ಹೋಗುತ್ತದೆ, ಮಿಡತೆಗಳ ಒಡೆಯ, ಮುಸುಕಿನ ಆಕೃತಿ, ಉರಿಯುವ ಹಳ್ಳಿ. ಆಗಲೂ ಈ ಮೂವರು ತಮ್ಮ ಸ್ವಭಾವ ಬಿಡುವುದಿಲ್ಲ. ಲೋಕ ಮುಳುಗುತ್ತಿರುವಾಗ ಫೋನಿ ನಿಧಿ ಎಲ್ಲಿದೆ ಅಂತ ಕೇಳುತ್ತಿರುತ್ತಾನೆ.

"ನಿಧಿ ಇದೆಯಾ?" ಮಂಜ ನೆಟ್ಟಗೆ ಕೂತ.

"ಅದು ಎಂಟನೇ ಭಾಗ. ಬಜ್ಜಿ ಬೇಕೋ ಬೇಡವೋ?"

"ಸಿನಿಮಾ ಆಗಿಲ್ವಾ?" ಅಮ್ಮ ಕೇಳಿದರು. ನೆಟ್‌ಫ್ಲಿಕ್ಸ್‌ನವರು 2019ರಲ್ಲಿ ಸರಣಿ ಮಾಡ್ತೀವಿ ಅಂದರು, 2022ರಲ್ಲಿ ಕೈಬಿಟ್ಟರು ಅಂದೆ. "ಛಲೋ ಆತು ಬಿಡು," ಅಂದ ಶ್ರೀಪಾದ, "ಧೊಪ್ ಅನ್ನೂದು ಹಾಳೆ ತಿರುವಿದಾಗ ಆಗಬೇಕು."

ಎಂಟೂವರೆಗೆ ಎಲ್ಲರೂ ಎದ್ದರು. ಮಂಜ ಪುಸ್ತಕ ಕಂಕುಳಿಗೆ ಸೇರಿಸಿಕೊಂಡಿದ್ದ. "ಒಂದು ವಾರ. ಓದಿ ಕೊಡ್ತೀನಿ."

ಎಮು ನೆನಪಾಗಿ ನನಗೆ ಬಾಯಿ ಕಟ್ಟಿತು. ವೀಣಾಗೆ ಕಟ್ಟಲಿಲ್ಲ. "ಠೇವಣಿ ಇಡು. ಕಣಿವೆಯ ರೂಲ್ಸು, ದುಡ್ಡು ನಡೆಯಲ್ಲ. ಮೊಟ್ಟೆ, ಎರಡು ಡಜನ್."

"ಮೊಟ್ಟೆ ಹೊಸ್ತಿಲು ದಾಟೋ ಹಾಗಿಲ್ಲ," ಅಂದರು ಅಮ್ಮ.

ಮರುದಿನ ಬೆಳಿಗ್ಗೆ ಹಾಲು ತರಲು ಹೋದರೆ ಕಾಂಪೌಂಡ್ ಗೋಡೆ ಮೇಲೆ ಒಂದು ಟ್ರೇ. ಎಣಿಸಿದೆ, ಇಪ್ಪತ್ತೆರಡೇ ಇದ್ದವು. ಮೇಲೊಂದು ಚೀಟಿ ಅಂಟಿಸಿದ್ದ: "ಕೋಳಿದೇ. ನಂಬು."